ಬಿರುಕು ಬಿಟ್ಟ ಅಂಗಿ

ಎಡಗಣ್ಣು ಮುಗಿದಿತ್ತು. ಬಲಗಣ್ಣಿನ ಗುಡ್ಡೆಗೆ ಕುಂಚದ ತುದಿ ತಾಗಿಸುವಷ್ಟರಲ್ಲಿ ಬೆನ್ನ ಹಿಂದೆ ಸ್ಟೂಲಿನ ಮೇಲೆ ಕೂತಿದ್ದ ಲಾರಿ ಡ್ರೈವರ್ ಕೆಮ್ಮಿದ. ಫೋಟೋ ಮಾಸ್ತರು ಕೈ ಹಿಂದಕ್ಕೆಳೆದುಕೊಂಡರು.

"ಇನ್ನೂ ಎಷ್ಟೊತ್ತು ಮಾಸ್ತರೇ? ಹತ್ತಕ್ಕೆ ವ್ಯಾನ್ ಬರುತ್ತೆ. ಅಕ್ಕ ಫೋಟೋ ಎಲ್ಲಿ ಅಂತ ನಾಲ್ಕು ಸಲ ಕೇಳಿದ್ಲು."

"ನಿಮ್ಮ ಭಾವ ಬದುಕಿದ್ದಾಗ ಒಂದು ಸಲವಾದರೂ ಕಣ್ಣು ಬಿಟ್ಕೊಂಡು ಕೂತಿದ್ರೆ ಇಷ್ಟೊತ್ತು ಆಗ್ತಿರ್ಲಿಲ್ಲ," ಎಂದರು ಮಾಸ್ತರು.

ಮಾತು ಸುಳ್ಳಲ್ಲ. ಸತ್ತವನು ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿ ಬರೆದುಕೊಳ್ಳುತ್ತಿದ್ದವನು. ಮೂವತ್ತು ವರ್ಷ ಅದನ್ನೇ ಮಾಡಿ ಊರಿನವರ ಬಾಯಲ್ಲಿ ಮೀಟರಣ್ಣ ಆಗಿದ್ದ. ಇಲಾಖೆಯ ಗುರುತಿನ ಚೀಟಿಗೆಂದು ಮಾಸ್ತರು ಅವನ ಫೋಟೋವನ್ನು ಆರು ಸಲ ತೆಗೆದಿದ್ದರು. ಫ್ಲಾಶ್ ಹೊಡೆದರೆ ಸಾಕು, ಕಣ್ಣು ಮುಚ್ಚುವುದರಲ್ಲಿ ಅವನದು ಎತ್ತಿದ ಕೈ. ಆರರಲ್ಲೂ ಸುಖನಿದ್ದೆ. ಅವನಿಗೂ ಕ್ಯಾಮೆರಾ ಹುಚ್ಚಿತ್ತು, ಆದರೆ ಅವನೇ ತೆಗೆದುಕೊಂಡ ಅವನ ಫೋಟೋಗಳೋ, ಒಂದರಲ್ಲಿ ಗೋಡೆಯ ಮೇಲಿನ ನೆರಳು, ಇನ್ನೊಂದರಲ್ಲಿ ಚಮಚದೊಳಗೆ ತಲೆಕೆಳಗಾದ ಮೂಗು. ಹೆಣದ ತಲೆಯ ಹತ್ತಿರ ಇಡಲು ಒಂದೂ ಲಾಯಕ್ಕಿಲ್ಲ. ಅದಕ್ಕೇ ಮಾಸ್ತರು ಆರನೆಯದನ್ನು ದೊಡ್ಡದು ಮಾಡಿ, ಬೆಳಗ್ಗೆ ಆರರಿಂದ ಕೂತು ಅದಕ್ಕೆ ಕಣ್ಣು ಬರೆಯುತ್ತಿದ್ದರು.

ಬರೆಯಲು ಕೂತಾಗಲೇ ತಿಳಿದದ್ದು, ನಲವತ್ತು ವರ್ಷ ಎದುರೆದುರು ಕೂತು ಚಹಾ ಕುಡಿದ ಗೆಳೆಯನ ಕಣ್ಣು ಹೇಗಿತ್ತು ಎನ್ನುವುದೇ ತಮಗೆ ನೆನಪಿಲ್ಲ ಎಂದು. ಅವನು ತೆಗೆದ ಫೋಟೋಗಳು ಒಂದೊಂದೂ ನೆನಪಿದ್ದವು, ಹಾಳಾದವು ರಾತ್ರಿ ಕಣ್ಣು ಮುಚ್ಚಿದರೂ ಕಾಣುತ್ತಿದ್ದವು. ಕಣ್ಣು ಮಾತ್ರ ನೆನಪಿಲ್ಲ. ಕೊನೆಗೆ, ಗಿರಾಕಿಗಳು ತಲೆ ಬಾಚಿಕೊಳ್ಳಲು ಇಟ್ಟಿದ್ದ ಕನ್ನಡಿಯನ್ನು ಮೇಜಿನ ಮೇಲೆ ನಿಲ್ಲಿಸಿಕೊಂಡು, ಅದರಲ್ಲಿ ನೋಡಿ ನೋಡಿ ಮುಗಿಸಿದರು.

ಮೀಟರಣ್ಣನ ಮನೆ ಮುಂದಿನ ರಸ್ತೆಯಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ತುಂಬಿಹೋಗಿದ್ದವು. ಒಬ್ಬ ಮೀಟರ್ ಓದುವವನಿಗೆ ಇಷ್ಟು ಜನವೇ ಎಂದುಕೊಂಡರು ಮಾಸ್ತರು. ತಾವು ಸತ್ತರೆ ಎಷ್ಟು ಕುರ್ಚಿ ಬೇಕಾಗಬಹುದೆಂದು ಅವರು ಮನಸ್ಸಿನಲ್ಲೇ ಲೆಕ್ಕ ಹಾಕಲು ಶುರುಮಾಡಿ, ಥೂ ಎಂದು ತಮ್ಮನ್ನೇ ಬೈದುಕೊಂಡರು. ಊರಿನ ಅರ್ಧ ಜನ ಮದುವೆಯಾದದ್ದೂ ಕೆಲಸಕ್ಕೆ ಸೇರಿದ್ದೂ ಪರದೇಶಕ್ಕೆ ಹೋದದ್ದೂ ತಮ್ಮ ಫೋಟೋ ಇಟ್ಟುಕೊಂಡೇ. ಆದರೂ ಇಲ್ಲಿ ಎಲ್ಲರ ಬಾಯಲ್ಲೂ ಮೀಟರಣ್ಣನದೇ ಮಾತು. ಹಲ್ಲಿನ ಡಾಕ್ಟರು ತಮ್ಮ ಕ್ಲಿನಿಕ್ಕಿನ ಮೆಟ್ಟಿಲನ್ನು ಅವನು ಒಂದು ಗಂಟೆ ನೋಡುತ್ತ ನಿಂತದ್ದನ್ನು ಹೇಳಿದರು. ಇಸ್ತ್ರಿ ಅಂಗಡಿಯಾಕೆ ತನ್ನ ಇಸ್ತ್ರಿಪೆಟ್ಟಿಗೆಯ ಹಬೆಯನ್ನು ಅವನು ಫೋಟೋದಲ್ಲಿ ಹಿಡಿದುಕೊಟ್ಟಿದ್ದನೆಂದು ಮೂಗು ಒರೆಸಿಕೊಂಡಳು. ಮೂರನೇ ಮಹಡಿಯ ಮೀಟರ್ ಓದಿ ಇಳಿಯುವಾಗ ಎದೆ ಹಿಡಿದುಕೊಂಡು ಕುಸಿದನಂತೆ, ಕ್ಯಾಮೆರಾ ಚೀಲ ನೆಲಕ್ಕೆ ತಾಗದ ಹಾಗೆ ಎತ್ತಿ ಹಿಡಿದೇ ಇದ್ದನಂತೆ. ಸಾಯುವುದನ್ನೂ ಹೀಗೆ ಹೇಳಿಸಿಕೊಳ್ಳುವ ಹಾಗೆ ಸತ್ತಿದ್ದ.

ಮಾಸ್ತರು ಫೋಟೋ ತಂದು ಜಗಲಿಯಲ್ಲಿಟ್ಟಿದ್ದ ಹೆಣದ ಪೆಟ್ಟಿಗೆಯ ತಲೆಯ ಕಡೆ ನಿಲ್ಲಿಸಿದರು. ಎರಡು ಹೆಜ್ಜೆ ಹಿಂದೆ ಬಂದು, ಓರೆಯಾಗಿದೆಯೇನೋ ಎಂದು ಮತ್ತೆ ಸರಿಮಾಡಿದರು. ಯಾರಾದರೂ ಏನಾದರೂ ಹೇಳಲಿ ಎಂದು ತುಸು ಹೆಚ್ಚೇ ಹೊತ್ತು ಅಲ್ಲಿ ನಿಂತರು.

"ಕಣ್ಣು ನೋಡಿ. ಈಗ ಮಾತಾಡಿಸ್ತಾನೇನೋ ಅನ್ನಿಸುತ್ತೆ," ಎಂದರು ಡಾಕ್ಟರು. ಅದೂ ಮೀಟರಣ್ಣನ ಹೊಗಳಿಕೆಯೇ ಆಯಿತು.

ಹೆಂಗಸರ ಸಾಲಿನಿಂದ ಎದ್ದು ಬಂದ ಮಾಸ್ತರ ಹೆಂಡತಿ ಫೋಟೋವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ ಕಿವಿಯಲ್ಲಿ ಹೇಳಿದಳು: "ರೀ, ಅದು ನಿಮ್ಮ ಕಣ್ಣು."

*

ಮೀಟರಣ್ಣನಿಗೆ ಕ್ಯಾಮೆರಾ ಹಿಡಿಯುವುದನ್ನು ಕಲಿಸಿದವರು ಮಾಸ್ತರೇ. ಶಟರ್ ಆಗಾಗ ಸಿಕ್ಕಿಹಾಕಿಕೊಳ್ಳುತ್ತಿದ್ದ ಹಳೆಯದೊಂದನ್ನು ಕೈಗಿತ್ತು, ಭಾನುವಾರ ಹೊತ್ತು ಹೋಗುತ್ತೆ ಇಟ್ಟುಕೋ ಅಂದಿದ್ದರು. ಅದು ಅವನ ಭಾನುವಾರವನ್ನಷ್ಟೇ ಅಲ್ಲ, ಉಳಿದ ಆರು ದಿನಗಳನ್ನೂ ನುಂಗಿತು. ಬಿಸ್ಕತ್ತಿನ ಡಬ್ಬಿಗೆ ಸೂಜಿಯಿಂದ ತೂತು ಮಾಡಿ ಅದನ್ನೇ ಕ್ಯಾಮೆರಾ ಎಂದ. ಲೆನ್ಸಿನ ಮೇಲೆ ಹೆಂಡತಿಯ ಹರಿದ ಕಾಲುಚೀಲ ಬಿಗಿದು ಬೀದಿದೀಪ ತೆಗೆದ. ಒಂದೇ ರೋಲನ್ನು ಎರಡು ಸಲ ಓಡಿಸಿ ಬಸ್ಸಿನ ನೆತ್ತಿಯ ಮೇಲೆ ಎಲೆಕೋಸು ಕೂರಿಸಿದ. ಕೆಟ್ಟದ್ದು ಕೆಟ್ಟದ್ದೇ, ಆದರೆ ಪ್ರತಿ ಕೆಟ್ಟದ್ದನ್ನೂ ತಂದು ಮಾಸ್ತರಿಗೆ ತೋರಿಸಿ ಇದು ಯಾಕೆ ಹೀಗಾಯಿತು ಎಂದು ಕೇಳುವನು. ಕೆಲಸವೇ ಬೇರೆಯವರ ಮನೆಯೊಳಗೆ ಹೋಗುವುದು. ಹೋದಲ್ಲೆಲ್ಲ ತೊಟ್ಟಿಕ್ಕುವ ನಲ್ಲಿ, ಬಚ್ಚಲ ಗೋಡೆಯ ತೇವ, ಬಾಗಿಲ ಸಂದಿಯ ಬಿಸಿಲು.

"ಬರೀ ನಲ್ಲಿ ಫೋಟೋ ತೆಗೀತೀಯಲ್ಲೋ, ನಲ್ಲಿಗೇನು ಗಂಡು ನೋಡ್ತಿದಾರಾ?" ಎಂದು ಮಾಸ್ತರು ನಗುತ್ತಿದ್ದರು. ಅವನೂ ನಗುತ್ತಿದ್ದ. ಇಬ್ಬರೂ ನಗುತ್ತಿದ್ದ ಕಾಲವದು.

ಆಮೇಲೆ ಒಂದು ತಿಂಗಳ ಮೀಟರ್ ಓದಲು ಅವನು ಮಾಸ್ತರ ಮನೆಗೇ ಹೋದ. ಹಿತ್ತಲಲ್ಲಿ ಮಾಸ್ತರ ಹೆಂಡತಿ ಪಕ್ಕದ ಮನೆಯಾಕೆಯ ಜೊತೆ ಒದ್ದೆ ಹೊದಿಕೆಯ ಎರಡು ತುದಿ ಹಿಡಿದು ಹಿಂಡುತ್ತಿದ್ದಳು. ಹೊದಿಕೆ ಜಾರಿತು, ನೀರು ಮುಖಕ್ಕೆ ಎರಚಿತು, ಆಕೆ ಬಾಯಿ ತುಂಬ ನಕ್ಕಳು. ಇವನು ಕ್ಲಿಕ್ ಎನಿಸಿದ. ವಾರದ ಮೇಲೆ ಪ್ರಿಂಟ್ ತಂದುಕೊಟ್ಟ. ಅವಳು ಅದನ್ನು ಅಡುಗೆಮನೆಯ ಗೋಡೆಗೆ ಅಂಟಿಸಿದಳು.

"ಇದರಲ್ಲಿ ನಾನು ನನ್ನ ಥರಾನೇ ಇದೀನಿ ಅಲ್ವೇನ್ರೀ?"

ಮಾಸ್ತರು ಅವಳ ಫೋಟೋವನ್ನು ಐವತ್ತು ಸಲವಾದರೂ ತೆಗೆದಿದ್ದರು. ಮೂರು ಕಡೆಯಿಂದ ದೀಪ, ಹಿಂದೆ ಬಣ್ಣದ ಜಲಪಾತದ ಪರದೆ, ಗಲ್ಲ ಅಷ್ಟೇ ಮೇಲೆ, ಭುಜ ಅಷ್ಟೇ ಓರೆ. ಅವೆಲ್ಲ ಮನೆಯ ಟ್ರಂಕಿನ ತಳದಲ್ಲಿದ್ದವು. ಹೆಂಡತಿಯ ಮೇಲೆ ಅನುಮಾನವೇನೂ ಬರಲಿಲ್ಲ. ಬಂದಿದ್ದರೆ ಎಷ್ಟೋ ವಾಸಿಯಿತ್ತು, ಒಂದು ದಿನ ಕಿರುಚಾಡಿ ಮುಗಿಸಬಹುದಿತ್ತು. ಇದು ಹಾಗಲ್ಲ. ತಾವು ಇಪ್ಪತ್ತು ವರ್ಷ ಜೊತೆಯಲ್ಲಿದ್ದು ನೋಡದೇ ಹೋದದ್ದನ್ನು ಅವನು ನೀರಿನ ಲೆಕ್ಕ ಬರೆಯುತ್ತ ನಿಂತೇ ನೋಡಿದ್ದ. ದಿನಕ್ಕೆ ಮೂರು ಹೊತ್ತು ಆ ಫೋಟೋದ ಎದುರಿಗೇ ಊಟ.

*

ವ್ಯಾನ್ ಬರುವುದು ತಡವಾಯಿತು. ಅಷ್ಟರಲ್ಲಿ ಬೂದು ಕೋಟಿನ ಹೆಂಗಸೊಬ್ಬಳು ಬಂದು, ಪೆಟ್ಟಿಗೆಯ ಮುಂದೆ ತಲೆಬಾಗಿ, ಇಲ್ಲಿ ಫೋಟೋ ಮಾಸ್ತರು ಅಂದರೆ ಯಾರು ಎಂದು ಕೇಳಿದಳು. ದೊಡ್ಡ ಊರಿನ ಗ್ಯಾಲರಿಯವಳು. ಬರುವ ತಿಂಗಳು ಮೀಟರಣ್ಣನ ಬಿರುಕು ಚಿತ್ರಗಳ ಪ್ರದರ್ಶನ ಗೊತ್ತಾಗಿತ್ತಂತೆ. ಮಾಸ್ತರಿಗೆ ಅದು ಗೊತ್ತಿರಲಿಲ್ಲ. ಹೇಳದೆ ಸತ್ತನಲ್ಲ ಎಂದು ದುಃಖವಾಗುವ ಮೊದಲು, ಪ್ರದರ್ಶನ ಎಂಬ ಪದ ಕಿವಿಗೆ ಬಿದ್ದು ಅವರ ಮುಖ ಬಿಸಿಯಾಯಿತು.

ಬಿರುಕು ಚಿತ್ರಗಳು ಎಂದರೆ ಊರಿಗೆಲ್ಲ ಗೊತ್ತು. ಮೊದಲನೆಯದು ಇದೇ ಜಗಲಿಯ ಗೋಡೆಯ ಮೇಲಿತ್ತು. ತಂತಿಯ ಮೇಲೆ ಒಣಹಾಕಿದ ಒಂದು ಅಂಗಿ. ಅಂಗಿಯ ಮೇಲೆ, ಹಿಂದಿನ ಆಕಾಶದ ಮೇಲೆ, ತಂತಿಯ ಮೇಲೆಲ್ಲ ಬತ್ತಿದ ಕೆರೆಯ ತಳದಂತೆ ಸಾವಿರ ಸಣ್ಣ ಬಿರುಕು. ಲೋಕವೇ ಒಡೆದುಹೋಗಿದ್ದರೂ ಅಂಗಿ ಮಾತ್ರ ಒಣಗುತ್ತಲೇ ಇರುವ ಹಾಗೆ.

"ಪ್ರದರ್ಶನದ ಮೊದಲ ಗೋಡೆಗೆ ಅಂತ ಅವರೇ ನನ್ನ ಕೈಲಿ ಮೂರು ಸಾಲು ಬರೆಸಿದ್ರು," ಎಂದು ಆಕೆ ಕಾಗದ ತೆಗೆದು ಎಲ್ಲರಿಗೂ ಕೇಳುವ ಹಾಗೆ ಓದಿದಳು. "ಈ ವಿಧಾನ ನನ್ನದಲ್ಲ. ಇದನ್ನು ಕಂಡುಹಿಡಿದವನು ನನ್ನ ಗೆಳೆಯ ಫೋಟೋ ಮಾಸ್ತರ. ನನ್ನ ಅಂಗಿ ಒಣಗಿದ್ದು ಅವನ ಕತ್ತಲೆ ಕೋಣೆಯಲ್ಲಿ."

ಕುರ್ಚಿಗಳೆಲ್ಲ ಒಟ್ಟಿಗೆ ಇತ್ತ ತಿರುಗಿದವು. ಇಷ್ಟು ದಿನ ಹೇಳಲೇ ಇಲ್ಲವಲ್ಲ ಮಾಸ್ತರೇ ಎಂದರು ಡಾಕ್ಟರು. ಯಾರೋ ಎದ್ದು ಕೂರಲು ಜಾಗ ಕೊಟ್ಟರು. ಮಾಸ್ತರ ಹೆಂಡತಿ ಗಂಡನ ಕಡೆ ನೋಡಿದ ನೋಟ ಅವರು ಮರೆತೇ ಹೋಗಿದ್ದಂಥದ್ದು. ಗ್ಯಾಲರಿಯವಳು, ಹೇಗೆ ಕಂಡುಹಿಡಿದಿರಿ ಅನ್ನುವುದನ್ನು ಸ್ಮಶಾನದಲ್ಲಿ ಎರಡು ಮಾತಿನಲ್ಲಿ ಹೇಳಿ, ಬರೆದುಕೊಳ್ಳುತ್ತೇನೆ, ಅದೂ ಗೋಡೆಗೆ ಹೋಗುತ್ತೆ, ನಿಮ್ಮ ಹೆಸರಿನ ಜೊತೆ, ಎಂದಳು.

ಹೆಸರು. ಗೋಡೆಯ ಮೇಲೆ. ಮಾಸ್ತರು ಇದಕ್ಕಾಗಿ ಹಂಬಲಿಸಿದಷ್ಟು ಇನ್ಯಾವುದಕ್ಕೂ ಹಂಬಲಿಸಿರಲಿಲ್ಲ. ತಲೆಯಾಡಿಸಿ ಸುಮ್ಮನಿದ್ದರೆ ಸಾಕಿತ್ತು. ನಿಜ ಗೊತ್ತಿದ್ದದ್ದು ಒಬ್ಬರಿಗೇ, ಅದೂ ತಮಗೇ.

*

ಹೊದಿಕೆ ಹಿಂಡುವ ಫೋಟೋ ಅಡುಗೆಮನೆಗೆ ಬಂದ ಹತ್ತನೆಯ ದಿನ ಮೀಟರಣ್ಣ ಇನ್ನೊಂದು ರೋಲ್ ತೊಳೆಯಲು ಕೊಟ್ಟುಹೋಗಿದ್ದ. ಊರಿನಲ್ಲಿ ಆಗ ರೋಲ್ ತೊಳೆಯುವ ಅಂಗಡಿ ಇನ್ನೂ ಎರಡಿದ್ದವು, ಆದರೂ ಅವನು ಇಲ್ಲಿಗೇ ತರುತ್ತಿದ್ದ. ಆ ತಿಂಗಳ ಕೊನೆಗೆ ಫೋಟೋ ಸ್ಪರ್ಧೆಯಿತ್ತು. ಮಾಸ್ತರೂ ಹೂ ಹಿಡಿದ ಮಗುವಿನದೊಂದನ್ನು ಕಳಿಸುವವರಿದ್ದರು. ಈ ರೋಲಿನಲ್ಲಿ ಏನೋ ಒಳ್ಳೆಯದು ಬಿದ್ದಿದೆ ಕಣೋ ಎಂದು ಅವನು ಹೇಳಿಹೋಗಿದ್ದೇ ತಪ್ಪಾಯಿತು.

ರೋಲ್ ತೊಳೆಯುವ ನೀರು ಇಪ್ಪತ್ತು ಡಿಗ್ರಿ ಇರಬೇಕು. ಎರಡು ಡಿಗ್ರಿ ಆಚೀಚೆಯಾದರೂ ಸಹಾಯಕರಿಗೆ ಮಾಸ್ತರು ಮಂಗಳಾರತಿ ಮಾಡುತ್ತಿದ್ದರು. ಅವತ್ತು ಅವರು ಕತ್ತಲೆ ಕೋಣೆಯಲ್ಲಿ ರೋಲನ್ನು ತೊಳೆಯುವ ಡಬ್ಬಿಗೆ ಹಾಕಿ, ಮದ್ದಿನಲ್ಲಿ ಚಿತ್ರ ಮೂಡಿದ ಮೇಲೆ, ಚಹಾಕ್ಕೆಂದು ಕಾಯಿಸಿದ್ದ ನೀರನ್ನು ತಂದು ಸುರಿದರು. ಅದು ಸಾಲದೆಂದು ಅದರ ಬೆನ್ನಿಗೇ ಐಸು ಕರಗಿಸಿದ ನೀರು. ಫಿಲ್ಮಿನ ಮೇಲಿನ ಪದರ ಬಿಸಿಗೆ ಉಬ್ಬಿ, ತಂಪಿಗೆ ಸೆಟೆದು ಒಡೆಯುತ್ತದೆ ಎನ್ನುವುದು ಕಸುಬು ಬಲ್ಲ ಯಾರಿಗಾದರೂ ಗೊತ್ತು. ಹೊಟ್ಟೆಯ ಉರಿಯೆಲ್ಲ ಆ ನೀರಿನ ಜೊತೆ ಇಳಿದುಹೋದಂತೆ ಹಗುರವಾಯಿತು.

ಮರುದಿನ ಅವನು ಬಂದಾಗ, ರೋಲ್ ಹಳೆಯದಿತ್ತು ಕಣೋ, ಕೆಟ್ಟುಹೋಗಿದೆ, ಎಂದರು. ಅವನು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದ. ಮಾಸ್ತರು ಅವನ ಮುಖ ಸಪ್ಪಗಾಗುವುದನ್ನೇ ಕಾದರು. ಅದು ಆಗಲಿಲ್ಲ. ಅವನು ಫಿಲ್ಮನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, ಬಹಳ ಹೊತ್ತಿನ ಮೇಲೆ ಒಂದೇ ಒಂದು ಮಾತು ಕೇಳಿದ.

"ನೀರು ಎಷ್ಟು ಬಿಸಿ ಇತ್ತೋ?"

ಹೂ ಹಿಡಿದ ಮಗುವಿಗೆ ಸಮಾಧಾನಕರ ಬಹುಮಾನವೂ ಬರಲಿಲ್ಲ. ಅಂಗಿಗೆ ಮೊದಲನೆಯದು ಬಂತು. ಬಹುಮಾನ ಬಂದ ಮರುವಾರವೇ ಅವನು ಮತ್ತೊಂದು ರೋಲ್ ಹಿಡಿದು ಬಂದು, ಇದನ್ನೂ ಅದೇ ಥರ ಮಾಡಿಕೊಡು ಎಂದ. ಅಲ್ಲಿಂದ ಹನ್ನೊಂದು ವರ್ಷ ಅದೇ ಮಾಸ್ತರ ಪಾಡು. ಸಿಟ್ಟಿನಲ್ಲಿ ಒಂದು ಸಲ ಕೆಡಿಸಿದ್ದನ್ನು ಸಮಾಧಾನದಲ್ಲಿ ಇನ್ನೂರು ಸಲ ಕೆಡಿಸಬೇಕಾಯಿತು, ಥರ್ಮಾಮೀಟರ್ ಹಿಡಿದು, ಅರವತ್ತು ಡಿಗ್ರಿಗೆ ದೊಡ್ಡ ಬಿರುಕು, ಐವತ್ತಕ್ಕೆ ಸಣ್ಣದು ಎಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡು. ಪ್ರತಿ ಸಲವೂ ನೀರು ಸುರಿಯುವಾಗ ಮೊದಲನೆಯ ಸಲದ್ದು ನೆನಪಾಗುತ್ತಿತ್ತು. ಪ್ರತಿ ಸಲವೂ ಅವನು ಬೆನ್ನು ತಟ್ಟಿ ಚೆನ್ನಾಗಿ ಬಂದಿದೆ ಅನ್ನುತ್ತಿದ್ದ.

*

ಸ್ಮಶಾನದಲ್ಲಿ ಗಾಳಿಯಿತ್ತು. ಪೆಟ್ಟಿಗೆಯನ್ನು ಹಗ್ಗದಲ್ಲಿ ಇಳಿಸಿದ ಮೇಲೆ ಡಾಕ್ಟರು ಮಾಸ್ತರ ಬೆನ್ನಿಗೆ ಕೈಯಿಟ್ಟು ಮುಂದೆ ಕಳಿಸಿದರು. ಗ್ಯಾಲರಿಯವಳು ಪುಸ್ತಕ ಬಿಚ್ಚಿ ಪೆನ್ನು ಹಿಡಿದಳು. ಗುಂಡಿಯ ಆ ಬದಿಯಲ್ಲಿ ಮೀಟರಣ್ಣನ ಹೆಂಡತಿ ತಮ್ಮನ ಆಸರೆಯಲ್ಲಿ ನಿಂತಿದ್ದಳು.

ಮಾಸ್ತರು ದಾರಿಯುದ್ದಕ್ಕೂ ಒಂದು ಕತೆ ಕಟ್ಟಿಕೊಂಡಿದ್ದರು. ಬಹಳ ವರ್ಷ ಪ್ರಯೋಗ ಮಾಡಿದೆ, ಒಂದು ದಿನ ಕೈಗೂಡಿತು, ಗೆಳೆಯನಿಗೆ ಕೊಟ್ಟೆ. ಚೊಕ್ಕವಾದ ಕತೆ. ಬಾಯಿ ತೆರೆದಾಗ ಕೆಳಗೆ ಪೆಟ್ಟಿಗೆಯ ಮುಚ್ಚಳ ಕಂಡಿತು. ಗೋಡೆಯ ಮೇಲಿನ ಹೆಸರೂ ಇವನೇ ಕೊಡುತ್ತಿರುವುದು ಎಂದು ಆಗ ಹೊಳೆಯಿತು. ಬಹುಮಾನವನ್ನೂ ಜನವನ್ನೂ ತಮ್ಮ ಹೆಂಡತಿಯ ನಗುವನ್ನೂ ತಾನು ತೆಗೆದುಕೊಂಡು, ಉಳಿದದ್ದನ್ನು ಸತ್ತ ಮೇಲೂ ಕೈಯೆತ್ತಿ ಕೊಡುತ್ತಿದ್ದಾನೆ. ಕೊಡುವವನೂ ಇವನೇ ಆಗಬೇಕೇ? ಮಾಸ್ತರಿಗೆ ಮೈಯೆಲ್ಲ ಉರಿಯಿತು. ಪಶ್ಚಾತ್ತಾಪ ಆಮೇಲೆ ಬಂದಿರಬಹುದು. ಆ ಕ್ಷಣ ಅವರ ಬಾಯಿ ಬಿಡಿಸಿದ್ದು ಉರಿಯೇ.

"ನಾನು ಏನೂ ಕಂಡುಹಿಡಿದಿಲ್ಲ," ಎಂದರು. "ಅವನ ರೋಲ್ ಹಾಳುಮಾಡಬೇಕು ಅಂತಲೇ ಕುದಿಯೋ ನೀರು ಸುರಿದೆ. ಹೊಟ್ಟೆಕಿಚ್ಚು. ಅವನ ಕೈಲಿ ಆಗ್ತಿದ್ದದ್ದು ನನ್ನ ಕೈಲಿ ಆಗ್ತಿರ್ಲಿಲ್ಲ. ಅವನಿಗೆ ಸುಳ್ಳು ಹೇಳಿದೆ. ಇವತ್ತಿನವರೆಗೂ ಸುಳ್ಳೇ ಹೇಳ್ಕೊಂಡು ಬಂದೆ."

ಹಿಂದಿನ ಸಾಲಿನಲ್ಲಿ ಯಾರೋ ಮೆಲ್ಲಗೆ ನಕ್ಕರು, ಅಳುವಿನ ನಡುವೆ ಬರುವಂಥ ನಗೆ. ಅದು ಎಲ್ಲರಿಗೂ ಹಬ್ಬಿತು. ತನ್ನನ್ನೇ ಹೀಗೆ ಬೈದುಕೊಳ್ಳುವ ದೊಡ್ಡತನ ಯಾರಿಗಿದೆ ಎಂದು ಡಾಕ್ಟರು ಪಕ್ಕದವರಿಗೆ ಹೇಳಿದರು. ಇಸ್ತ್ರಿ ಅಂಗಡಿಯಾಕೆ, ಇಬ್ಬರೂ ಹೀಗೇ ಕಾಲೆಳೆದಾಡುತ್ತಿದ್ದರು ಪಾಪ, ಎಂದು ಕಣ್ಣೊರೆಸಿಕೊಂಡಳು. ಗ್ಯಾಲರಿಯವಳು ಬರೆದುಕೊಂಡೇ ಬರೆದುಕೊಂಡಳು, ಅವಳ ಕಣ್ಣೂ ಒದ್ದೆ. ಮಾಸ್ತರು ಬೆಪ್ಪಾಗಿ ನಿಂತರು. ನಿಜ ಹೇಳ್ತಿದೀನಿ ಎಂದು ಇನ್ನೊಮ್ಮೆ ಹೇಳಹೊರಟರೆ, ಸಾಕು ಬಿಡಿ ಮಾಸ್ತರೇ ಎಂದು ನಾಲ್ಕು ಕೈ ಅವರ ಹೆಗಲ ಮೇಲೆ ಬಂದವು.

ನಗದೆ ಇದ್ದವರು ಇಬ್ಬರೇ. ಒಬ್ಬಳು ಮಾಸ್ತರ ಹೆಂಡತಿ. ಅವಳು ಗಂಡನ ಮುಖದಿಂದ ಕಣ್ಣು ಕಿತ್ತು ನೆಲ ನೋಡಿದಳು. ಇನ್ನೊಬ್ಬಳು ಮೀಟರಣ್ಣನ ಹೆಂಡತಿ. ಅವಳು ತಮ್ಮನ ಕೈ ಬಿಡಿಸಿಕೊಂಡು, ಗುಂಡಿಯನ್ನು ಬಳಸಿ ನಡೆದು ಮಾಸ್ತರ ಪಕ್ಕಕ್ಕೆ ಬಂದು ನಿಂತಳು.

"ಅವರಿಗೆ ಗೊತ್ತಿತ್ತು ಅಣ್ಣ," ಎಂದಳು, ಇವರಿಗಷ್ಟೇ ಕೇಳುವ ಹಾಗೆ.

ಮಾಸ್ತರು ಅವಳತ್ತ ತಿರುಗಿದರು.

"ಅವತ್ತೇ ಗೊತ್ತಾಗಿತ್ತು. ಮನೆಗೆ ಬಂದವರೇ ಫಿಲ್ಮು ಎತ್ತಿ ತೋರಿಸಿ, ಅವನು ನನ್ನ ರೋಲನ್ನ ಬೇಯಿಸಿಬಿಟ್ಟಿದಾನೆ ಕಣೇ, ಎಷ್ಟು ಹದವಾಗಿ ಬೆಂದಿದೆ ನೋಡು, ಅಂದ್ರು."

"ಗೊತ್ತಿದ್ದೂ ಯಾಕಮ್ಮ ಮತ್ತೆ ನನ್ನ ಹತ್ರಾನೇ ತರ್ತಿದ್ದ? ಬೇರೆ ಅಂಗಡಿ ಇರ್ಲಿಲ್ವಾ?"

"ನಾನೂ ಅದನ್ನೇ ಕೇಳಿದೆ." ಅವಳು ಗಾಳಿಗೆ ಹಾರುತ್ತಿದ್ದ ಸೆರಗನ್ನು ಹಿಡಿದುಕೊಂಡಳು. "ಬೇರೆಯವರಿಗೆ ನನ್ನ ಫೋಟೋ ಕಂಡ್ರೆ ಅಷ್ಟು ಸಿಟ್ಟು ಬರಲ್ಲ ಕಣೇ, ಅಂದ್ರು. ಅವನೊಬ್ಬನೇ ಸರಿಯಾಗಿ ನೋಡಿದವನು, ಅಂದ್ರು."

ಹನ್ನೊಂದು ವರ್ಷ ತಾವು ಒಳಗೊಳಗೇ ಬೇಯುತ್ತಿದ್ದಾಗ ಅವನು ಎಲ್ಲವನ್ನೂ ಮನ್ನಿಸಿ, ಮುಗಿಸಿ, ಎದುರಿಗೆ ಕೂತು ಚಹಾ ಕುಡಿಯುತ್ತಿದ್ದ. ಇದರಲ್ಲೂ ಅವನೇ ಮುಂದೆ. ಇಷ್ಟು ಕೇಳಿದ ಮೇಲಾದರೂ ಹೊಟ್ಟೆಯೊಳಗಿನದು ತಣ್ಣಗಾಗಬೇಕಿತ್ತು. ಆಗಲಿಲ್ಲ. ಅದರ ಜೊತೆಗೇ, ಅವನು ಇನ್ನಿಲ್ಲ ಎನ್ನುವುದು ಬೆಳಗಿನಿಂದ ಮೊದಲ ಬಾರಿಗೆ ಎದೆಗೆ ಬಂದು ಗುದ್ದಿತು.

ಗುಂಡಿ ತೋಡುವವನು ಹಿಡಿ ಹಿಡಿ ಮಣ್ಣು ಹಾಕಿ ಎಂದ. ಜನ ಸಾಲಾಗಿ ನಿಂತರು. ಮೊದಲ ಹಿಡಿ ಮೀಟರಣ್ಣನ ಹೆಂಡತಿಯದು. ಅವಳು ಬಗ್ಗಿ ಮಣ್ಣು ತೆಗೆದುಕೊಂಡವಳು ಅದನ್ನು ಗುಂಡಿಗೆ ಹಾಕಲಿಲ್ಲ. ಮಾಸ್ತರ ಬಲಗೈ ಹಿಡಿದು, ಅಂಗೈ ಬಿಡಿಸಿ, ಅದರಲ್ಲಿ ಸುರಿದಳು. ತಾನು ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಟ್ಟಳು.

ಮಾಸ್ತರು ಗುಂಡಿಯ ಮೇಲೆ ಕೈ ಚಾಚಿದರು. ಮುಷ್ಟಿ ಬಿಗಿಯಿತು. ಹಿಂದಿನವರು ಕಾದರು. ಡಾಕ್ಟರು ಒಮ್ಮೆ ಮೆಲ್ಲಗೆ ಕರೆದರು. ಗುಂಡಿ ತೋಡುವವನು ಗುದ್ದಲಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿ, ಬೇರೆ ಕಡೆ ನೋಡಿದ. ಸಾಲು ಗೇಟಿನವರೆಗೂ ಬೆಳೆದಿತ್ತು. ಮಾಸ್ತರ ಬೆರಳುಗಳ ಸಂದಿಯಿಂದ ಮಣ್ಣು ಸಣ್ಣಗೆ ಜಾರಿ ಪೆಟ್ಟಿಗೆಯ ಮೇಲೆ ಉದುರುತ್ತಿತ್ತು. ಅವರು ಎಡಗೈಯನ್ನು ಅದರ ಕೆಳಗೆ ಬೊಗಸೆಯಂತೆ ಒಡ್ಡಿ, ಉದುರಿದಷ್ಟನ್ನೂ ಹಿಡಿದುಕೊಳ್ಳುತ್ತಿದ್ದರು.